ಒರಿಜಿನಲ್ ಎಲ್ಲಿ?

ನಮ್ಮ ಕಡೆ ಮನೆಗೆ ಯಾರಾದರೂ ಬಂದರೆ ಮೊದಲು ಒಂದು ಚೆಂಬು ನೀರು, ಒಂದು ಚೂರು ಬೆಲ್ಲ. ಯಾರು, ಯಾವೂರು, ಯಾರ ಪೈಕಿ ಎಂಬುದೆಲ್ಲ ನೀರು ಗಂಟಲಿಳಿದ ಮೇಲೆ. ಕಾಲೇಜಿನವರದು ಇದಕ್ಕೆ ಉಲ್ಟಾ ಸಂಪ್ರದಾಯ. ಗೇಟಿಗೆ ಆಳೆತ್ತರದ ಫ್ಲೆಕ್ಸು ಕಟ್ಟಿ, ಹೊಸ ವಿದ್ಯಾರ್ಥಿಗಳಿಗೂ ಪೋಷಕರಿಗೂ ಹಾರ್ದಿಕ ಸುಸ್ವಾಗತ ಎಂದು ಬರೆಸಿರುತ್ತಾರೆ. ಅದನ್ನು ನಂಬಿ ಒಳಗೆ ಹೋದರೆ ಕಿಟಕಿಯಿಂದ ಬರುವ ಮೊದಲ ಮಾತು: "ಒರಿಜಿನಲ್ ಎಲ್ಲಿ?"

ದೂರು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಮೂವತ್ತೊಂದು ವರ್ಷ ಕಿಟಕಿಯ ಆ ಕಡೆ ಕೂತು ನಾನೇ ಕೇಳಿದ ಪ್ರಶ್ನೆ ಅದು. ಮೈಸೂರಿನ ಒಂದು ಕಾಲೇಜಿನ ಆಫೀಸಿಗೆ ಎಸ್‌ಡಿಎ ಆಗಿ ಸೇರಿ, ಸೂಪರಿಂಟೆಂಡೆಂಟ್ ಆಗಿ ಹೊರಬಿದ್ದವನು ನಾನು. ಕಾಲೇಜಿನ ಹೆಸರು ಹೇಳುವುದಿಲ್ಲ. ನನ್ನದೊಂದು ಅರಿಯರ್ಸ್ ಫೈಲು ಇನ್ನೂ ಅಲ್ಲೇ ಮಲಗಿದೆ, ಅದಕ್ಕೆ ಎಚ್ಚರವಾಗುವ ಮುಂಚೆ ಹೆಸರೆತ್ತುವುದು ಕ್ಷೇಮವಲ್ಲ.

ಈ ಸಲ ಕಿಟಕಿಯ ಈ ಕಡೆ ನಿಲ್ಲುವ ಯೋಗ ಬಂತು. ಕೆ.ಆರ್. ನಗರದ ಕಡೆ ಕೊಟ್ಟಿರುವ ನನ್ನ ತಂಗಿಯ ಮಗಳು ಬಿ.ಎಸ್ಸಿ.ಗೆ ಸೇರಬೇಕಿತ್ತು. "ಅಣ್ಣಾ, ನೀನು ಇದೇ ಕೆಲಸದಲ್ಲಿ ಮುದುಕ ಆದೋನು, ನೀನೇ ನಿಂತು ಮಾಡಿಸ್ಕೊಡು" ಎಂದಳು ತಂಗಿ. ಮುದುಕ ಎಂಬ ಮಾತನ್ನು ಬಿಟ್ಟು ಉಳಿದದ್ದನ್ನು ನಾನು ಹೆಮ್ಮೆಯಿಂದಲೇ ಸ್ವೀಕರಿಸಿದೆ.

ದಿನ ಗೊತ್ತುಮಾಡುವುದೇ ಮದುವೆ ಮಾತುಕತೆಯ ಹಾಗಾಯಿತು. ಆಷಾಢ ಹಿಡಿದಿತ್ತು. ಆಷಾಢದಲ್ಲಿ ಹೊಸ ಸೊಸೆಯನ್ನೇ ತೌರಿಗೆ ಕಳಿಸಿಬಿಡುತ್ತೇವೆ, ಮಗಳನ್ನು ಕಾಲೇಜಿಗೆ ಸೇರಿಸುವುದುಂಟೇ ಎಂದು ತಂಗಿಯ ಅತ್ತೆ ರಾಗ ತೆಗೆದರು. ಕೊನೇ ದಿನ ದಾಟಿದರೆ ದಂಡ ಕಟ್ಟಬೇಕು ಎಂದೆ. ದಂಡ ಎಂದದ್ದೇ ತಡ, ಆಷಾಢ ಸ್ವಲ್ಪ ಸಡಿಲವಾಯಿತು. ಸೋಮವಾರ ಮನೆದೇವರ ವಾರ, ಆಗದು. ಶುಕ್ರವಾರವಂತೂ ಬೇಡ, ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಜನ ಮುಗಿಬೀಳುತ್ತಾರೆ, ಬಸ್ಸಿನಲ್ಲಿ ಕಾಲಿಡುವುದಕ್ಕೂ ಜಾಗವಿರುವುದಿಲ್ಲ. ಹಾಗಾದರೆ ಮಂಗಳವಾರ ಬನ್ನಿ ಎಂದೆ. ತಂಗಿಯ ಗಂಡ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, "ಮಂಗಳವಾರ ಜೂ ರಜಾ ಅಲ್ವಾ ಭಾವ?" ಎಂದರು.

ಅವರು ನನ್ನನ್ನು ಭಾವ ಅನ್ನುತ್ತಾರೆ, ನಾನು ಅವರನ್ನು ಭಾವ ಅನ್ನುತ್ತೇನೆ. ಪಕ್ಕದಲ್ಲಿ ಕೇಳುವವರಿಗೆ ಇವರಲ್ಲಿ ಯಾರು ಯಾರಿಗೆ ಹೆಣ್ಣು ಕೊಟ್ಟವರು ಎಂದು ಕೊನೆಗೂ ಗೊತ್ತಾಗುವುದಿಲ್ಲ. ಅಂತೂ ಬುಧವಾರ ಎಂದು ಇತ್ಯರ್ಥವಾಯಿತು.

ಹುಡುಗಿ ಒಬ್ಬಳು ಸೇರುವುದಕ್ಕೆ ಬಸ್ಸಿಳಿದವರು ಎಂಟು ಜನ. ಹುಡುಗಿ, ತಂಗಿ, ತಂಗಿಯ ಅತ್ತೆ, ನಾದಿನಿ, ನಾದಿನಿಯ ಇಬ್ಬರು ಹೆಣ್ಣುಮಕ್ಕಳು, ಕಣ್ಣು ತೋರಿಸಿಕೊಳ್ಳಬೇಕಾಗಿದ್ದ ಪಕ್ಕದ ಮನೆಯ ಅಜ್ಜಿ, ಮತ್ತೆ ಭಾವ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಬಿಟ್ಟಿಯಲ್ಲವೇ. ಎಂಟರಲ್ಲಿ ದುಡ್ಡು ಕೊಟ್ಟು ಬಂದವರು ಭಾವ ಒಬ್ಬರೇ. ಈ ವಿಷಯವನ್ನು ಅವರು ಆವತ್ತು ಮೂರು ಸಲ ಹೇಳಿದರು.

ಅರ್ಜಿಯನ್ನು ಊರಿನ ಸೈಬರ್ ಅಂಗಡಿಯಲ್ಲೇ ಆನ್‌ಲೈನ್ ಹಾಕಿಸಿದ್ದರು. ಈಗ ಅದಕ್ಕೊಂದು ಪೋರ್ಟಲ್ಲು, ಯುಯುಸಿಎಂಎಸ್ ಅಂತ. ಹೆಸರು ಹೇಳುವಷ್ಟರಲ್ಲೇ ಅರ್ಧ ಜನ ಫೇಲಾಗುತ್ತಾರೆ. ನಾನು ಕಾಗದಗಳನ್ನೆಲ್ಲ ದಾರ ಹಾಕಿ, ಕ್ರಮವಾಗಿ ಜೋಡಿಸಿ, ಮೂವತ್ತೊಂದು ವರ್ಷದ ಅನುಭವದ ಗತ್ತಿನಲ್ಲಿ ಕಿಟಕಿಗೆ ಕೊಟ್ಟೆ. ಕಿಟಕಿಯೊಳಗೆ ಕೂತಿದ್ದ ಹುಡುಗ ದಾರ ಬಿಚ್ಚಿ ಒಂದೊಂದಾಗಿ ತಿರುವಿದ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ಲು ಹೆಸರಿನ ಹಿಂದೆ. ಆಧಾರಿನಲ್ಲಿ ಇನಿಷಿಯಲ್ಲೇ ಇಲ್ಲ, ಅಪ್ಪನ ಹೆಸರೇ ಪೂರ್ತಿ ಬಂದು ಮಗಳ ಹೆಸರಿನ ಪಕ್ಕ ಕೂತಿದೆ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿ ಆ ಅಪ್ಪನಿಗೆ ಗೌಡ ಸೇರಿಕೊಂಡಿದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಯಾರೋ ಧಾರಾಳಿ ಇಂಗ್ಲಿಷಿನ ಎಚ್ ಒಂದನ್ನು ಹೆಚ್ಚಿಗೆ ಬಡಿಸಿದ್ದಾನೆ.

"ಸಾರ್, ಇದ್ರಲ್ಲಿ ನಾಲ್ಕು ಜನ ಹುಡುಗೀರಿದ್ದಾರೆ. ಸೇರೋದು ಯಾರು?" ಎಂದ ಆ ಹುಡುಗ.

ನನಗೆ ಸಿಟ್ಟು ಬರಲಿಲ್ಲ, ಹೊಟ್ಟೆಕಿಚ್ಚಾಯಿತು. ಅಷ್ಟು ವರ್ಷದಲ್ಲಿ ಒಂದು ದಿನವೂ ನನಗೆ ಇಷ್ಟು ಚೆನ್ನಾದ ಮಾತು ಹೊಳೆದಿರಲಿಲ್ಲ. ನಾನು ಬರೀ "ನಾಳೆ ಬನ್ನಿ" ಅನ್ನುತ್ತಿದ್ದೆ.

ನಾಲ್ವರೂ ಒಬ್ಬಳೇ ಎಂದು ಅಫಿಡವಿಟ್ ತರಬೇಕಾಯಿತು. ನಾನು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಋಷಿಗಳು ಕಾಡಿನಲ್ಲಿ ಗಡ್ಡ ಬೆಳೆಸಿದರಂತೆ. ಕೋರ್ಟಿನ ಹತ್ತಿರ ಮರದ ಕೆಳಗೆ ಕೂತ ಟೈಪಿಸ್ಟು ಇಪ್ಪತ್ತು ನಿಮಿಷದಲ್ಲಿ ಛಾಪಾ ಕಾಗದದ ಮೇಲೆ ಬಗೆಹರಿಸಿದ, ನೋಟರಿಯವರು ಸೀಲು ಒತ್ತಿ ಖಾಯಂ ಮಾಡಿದರು.

ತಿರುಗಿ ಬಂದರೆ ಒಟಿಪಿ. ಅದು ಬರುವುದು ಭಾವನ ಫೋನಿಗೆ. ಭಾವನ ಫೋನು ಊರಿನಲ್ಲಿ ಚಾರ್ಜಿಗೆ ಹಾಕಿದ ಕಡೆಯೇ ಉಳಿದಿದೆ, ಮನೆಯಲ್ಲಿರುವವರು ಅವರಪ್ಪ ಒಬ್ಬರೇ. ನನ್ನ ಫೋನಿನಿಂದ ಕರೆ ಮಾಡಿಸಿದೆ. "ಅಪ್ಪಾ, ಈಗೊಂದು ಮೆಸೇಜ್ ಬಂದದೆ ನೋಡು, ಓದು" ಎಂದು ಭಾವ ಕೂಗಿದರು. ಆ ಕಡೆ ಒಂದಷ್ಟು ಹೊತ್ತು ಕೆಮ್ಮು, ಕನ್ನಡಕ ಹುಡುಕುವ ಸದ್ದು, ಕೋಳಿ ಓಡಿಸುವ ಸದ್ದು. ಆಮೇಲೆ ಅಜ್ಜ ಗಂಭೀರವಾಗಿ ಹೇಳಿದರು: "ಮೂರು ಲಕ್ಷ ಸಾಲ ಕೊಡ್ತಾರಂತೆ ಕಣ್ಲಾ. ತಗೊಳ್ಳದಾ?"

ಅದು ಬೇರೆ ಮೆಸೇಜು ಎಂದು ವಿವರಿಸುವಷ್ಟರಲ್ಲಿ ಒಟಿಪಿಯ ಆಯಸ್ಸು ಮುಗಿದಿತ್ತು. ಮೂರನೇ ಸಲ ಅಜ್ಜ ಸರಿಯಾದ ಆರು ಅಂಕಿ ಹೇಳಿದರು. ಆಗ ಸರ್ವರ್ ಡೌನ್. ಗಂಟೆ ಹನ್ನೆರಡೂ ಕಾಲು. "ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ, ಬಡ್ಕೊಂಡೆ" ಎಂದರು ಅತ್ತೆ. ನಮ್ಮ ಕಾಲದಲ್ಲಿ ಇದೇ ಹೊತ್ತಿಗೆ "ಸಾಹೇಬರು ಊಟಕ್ಕೆ ಹೋಗಿದ್ದಾರೆ" ಅನ್ನುತ್ತಿದ್ದೆವು. ಸಾಹೇಬರಾದರೂ ಮೂರು ಗಂಟೆಗೆ ತೇಗಿಕೊಂಡು ಬರುತ್ತಿದ್ದರು. ಸರ್ವರಿನ ಊಟ ಯಾವಾಗ ಮುಗಿಯುತ್ತದೋ ಹೇಳುವವರಿಲ್ಲ.

ಮರದಡಿ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಅತ್ತೆಯ ಬಾಯಿ ಮುಚ್ಚಿಸಲು ನನ್ನ ಹತ್ತಿರ ಒಂದು ತುರುಪು ಇತ್ತು, ಇಳಿಸಿದೆ. "ನೋಡಿ ಅಮ್ಮ, ಈ ಮೈಸೂರು ವಿಶ್ವವಿದ್ಯಾನಿಲಯವೇ ಹುಟ್ಟಿದ್ದು ಆಷಾಢದಲ್ಲಿ. ಅದಕ್ಕೆ ಮುಂಚೆ ಇಲ್ಲಿನ ಮಹಾರಾಜಾ ಕಾಲೇಜಿನ ಹುಡುಗರಿಗೂ ಡಿಗ್ರಿ ಕೊಡುತ್ತಿದ್ದದ್ದು ಮದ್ರಾಸಿನವರು. ನಾಲ್ವಡಿಯವರು ನಮ್ಮದೇ ಒಂದು ಇರಲಿ ಎಂದು 1916ರ ಜುಲೈ 27ರಂದು ಶುರು ಮಾಡಿದರು. ಆಷಾಢ ಬಹುಳ, ಭೀಮನ ಅಮಾವಾಸ್ಯೆಗೆ ಇನ್ನು ಎರಡು ಮೂರು ದಿನ. ಏನಾಯಿತು? ನೂರು ವರ್ಷ ದಾಟಲಿಲ್ಲವೇ?"

ಅತ್ತೆ ಚಿತ್ರಾನ್ನದಲ್ಲಿದ್ದ ಮೆಣಸಿನಕಾಯನ್ನು ತೆಗೆದು ಪಕ್ಕಕ್ಕಿಟ್ಟು, "ಅದ್ಕೇ ಇನ್ನೂ ಸರ್ವರ್ ಎದ್ದಿಲ್ಲ" ಎಂದರು.

ತುರುಪು ಹೋಯಿತು. ಭಾವನ ಮುಂದಾದರೂ ಮಾನ ಉಳಿಸಿಕೊಳ್ಳೋಣ ಎಂದು ರಾಧಾಕೃಷ್ಣನ್ ಅವರ ಕಥೆ ತೆಗೆದೆ. 1918ರಲ್ಲಿ ಇಲ್ಲಿಗೆ ತತ್ತ್ವಶಾಸ್ತ್ರದ ಮೇಷ್ಟ್ರಾಗಿ ಬಂದವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ಹುಡುಗರು ಸಾರೋಟಿನ ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದರಂತೆ. ಭಾವ ಕಣ್ಣರಳಿಸಿ ಕೇಳಿ, "ಕುದ್ರೆ ಯಾರ್ ಹಿಡ್ಕಂಡಿದ್ರು?" ಎಂದರು. ಎತ್ತು ಕಟ್ಟಿದವರ ಪ್ರಶ್ನೆ. ಇಷ್ಟು ವರ್ಷ ಈ ಕಥೆಯನ್ನು ಎಷ್ಟೋ ವೇದಿಕೆಗಳಲ್ಲಿ ಕೇಳಿದ್ದೇನೆ, ಕುದುರೆಯನ್ನು ಯಾರೂ ವಿಚಾರಿಸಿರಲಿಲ್ಲ. ನನಗೆ ಆಗ ಇನ್ನೊಂದು ಹೊಳೆಯಿತು: ಇದು ಕಳಿಸಿಕೊಟ್ಟ ಕಥೆ. ಅವರನ್ನು ಬರಮಾಡಿಕೊಂಡ ಕಥೆಯನ್ನು ಯಾವ ಭಾಷಣದಲ್ಲೂ ಕೇಳಿಲ್ಲ. ಸೇರುವ ದಿನ ಅವರನ್ನೂ ಯಾರೋ ನನ್ನಂಥವನೇ "ಒರಿಜಿನಲ್ ಎಲ್ಲಿ?" ಎಂದಿರಬೇಕು.

"ಡಿಗ್ರಿ ಮೂರು ವರ್ಷವಾ ನಾಲ್ಕಾ ಭಾವ?" ಎಂಬುದು ಅವರ ಮುಂದಿನ ಪ್ರಶ್ನೆ. 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದು ನಾಲ್ಕು ವರ್ಷದ್ದೂ ಆಯಿತು, 2024ರಲ್ಲಿ ಸರ್ಕಾರ ಮತ್ತೆ ಮೂರಕ್ಕೆ ತಂದಿತು. ಮನೆ ಕಟ್ಟುವವರು ಮೆಟ್ಟಿಲು ಹಾಕಿ ಕೆಡವಿದ ಹಾಗೆ. ಆದರೆ ಇದೇ ಮಹಾರಾಜಾ ಕಾಲೇಜಿನಲ್ಲಿ ಆರ್.ಕೆ. ನಾರಾಯಣ್ ಯಾವ ನೀತಿಗೂ ಕಾಯದೆ ಮೂರು ವರ್ಷದ ಬಿ.ಎ.ಯನ್ನು ನಾಲ್ಕು ವರ್ಷ ಓದಿದರು. ಅದಕ್ಕೂ ಮುಂಚೆ ಪ್ರವೇಶ ಪರೀಕ್ಷೆಯಲ್ಲೇ ನಪಾಸಾಗಿ ಒಂದು ವರ್ಷ ಮನೆಯಲ್ಲಿ ಕೂತಿದ್ದರು. ಮುಂದೆ ಅವರಿಗೆ ಇದೇ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಇದನ್ನು ಹುಡುಗಿಗೆ ಕೇಳಿಸುವ ಹಾಗೆ ಹೇಳಬಾರದಿತ್ತು ಎಂದು ತಂಗಿ ನನ್ನನ್ನು ನೋಡಿದ ರೀತಿಯಲ್ಲೇ ತಿಳಿಯಿತು.

ನಾಲ್ಕು ಗಂಟೆಗೆ ಸರ್ವರ್ ಎದ್ದಿತು. ಹುಡುಗಿ ಸೇರಿದಳು. ಜೂ ಬಾಗಿಲು ಹಾಕುವ ಹೊತ್ತಾಗಿತ್ತು. ಭಾವ ಅದನ್ನು ಇನ್ನೂ ಮರೆತಿಲ್ಲ.

ಹದಿನೈದು ದಿನ ಬಿಟ್ಟು ತರಗತಿ ಶುರು. ಮತ್ತೆ ಅದೇ ಎಂಟು ಜನ, ಜೊತೆಗೆ ಹಾಸ್ಟೆಲಿನ ಗಂಟುಮೂಟೆ. ಕಾಲೇಜಿನವರು ಪೋಷಕರೂ ಬರಬೇಕೆಂದು ಕರೆದಿದ್ದ ಕಾರ್ಯಕ್ರಮದ ಹೆಸರು ದೀಕ್ಷಾರಂಭ. ಯುಜಿಸಿಯವರು 2019ರಲ್ಲಿ ಇಟ್ಟ ಹೆಸರು. ಬ್ಯಾನರ್ ಓದಿ ತಂಗಿಗೆ ಗಾಬರಿ. ನಮ್ಮ ಕಡೆ ದೀಕ್ಷೆ ಎಂದರೆ ಮಠಕ್ಕೆ ಬಿಡುವುದು. "ತಲೆ ಗಿಲೆ ಬೋಳಿಸಲ್ಲ ತಾನೆ ಅಣ್ಣಾ?" ಎಂದು ಕಿವಿಯಲ್ಲಿ ಕೇಳಿದಳು.

ನಾಡಗೀತೆ ಆಯಿತು. ಅದನ್ನು 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕೆಂದು ಸರ್ಕಾರ 2022ರಲ್ಲಿ ಆದೇಶ ಹೊರಡಿಸಿದೆ. ಕುವೆಂಪು ಈ ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದವರು, ಮಾನಸಗಂಗೋತ್ರಿ ಎಂದು ಹೆಸರಿಟ್ಟವರು. ಅವರ ಹಾಡಿಗೇ ಗಡಿಯಾರ ಹಿಡಿದರು, ಸ್ವಾಗತ ಭಾಷಣಕ್ಕೆ ಮಾತ್ರ ಇನ್ನೂ ಯಾವ ಆದೇಶವೂ ಬಂದಿಲ್ಲ. ಅಧ್ಯಕ್ಷರಿಗೆ ಸ್ವಾಗತ, ಪೇಟ, ಶಾಲು. ಉದ್ಘಾಟಕರಿಗೆ ಸ್ವಾಗತ, ಪೇಟ, ಶಾಲು. ಮುಖ್ಯ ಅತಿಥಿಗಳು ಮೂವರು, ಫಲತಾಂಬೂಲ ಬೇರೆ. ವೇದಿಕೆಯ ಮೇಲಿದ್ದವರೇ ವೇದಿಕೆಯ ಮೇಲಿದ್ದವರನ್ನು ಮುಕ್ಕಾಲು ಗಂಟೆ ಬರಮಾಡಿಕೊಂಡರು. ಕೊನೆಗೆ ಮಾಧ್ಯಮದವರು, ಶಾಮಿಯಾನದವರು, ಧ್ವನಿವರ್ಧಕದವರು ಎಲ್ಲರೂ ಆದ ಮೇಲೆ "ಹಾಗೆಯೇ ವಿದ್ಯಾರ್ಥಿಗಳನ್ನೂ ಪೋಷಕರನ್ನೂ" ಎಂದು ಒಂದು ಉಸಿರಿನಲ್ಲಿ ನಮ್ಮದೂ ಆಯಿತು. ಆ ಪಟ್ಟಿಯನ್ನು ಬರೆದುಕೊಡುತ್ತಿದ್ದದ್ದು ನಾವೇ, ಆಫೀಸಿನವರು. ವಿದ್ಯಾರ್ಥಿಗಳು ಎಂಬುದನ್ನು ಕೊನೆಗೆ ಹಾಕುತ್ತಿದ್ದೆವು, ಹಾಳೆಯಲ್ಲಿ ಜಾಗ ಉಳಿದರೆ.

ಹಾಸ್ಟೆಲಿನಲ್ಲಿ ತಂಗಿ ಮೊದಲು ನೋಡಿದ್ದು ಬಚ್ಚಲು, ಆಮೇಲೆ ಅಡುಗೆಮನೆ. "ಹೆಸ್ರೇ ವಿಶ್ವವಿದ್ಯಾ-ನಿಲಯ, ಊಟ ಚೆನ್ನಾಗೇ ಹಾಕ್ತಾರೆ" ಎಂದು ಭಾವ ಸಮಾಧಾನ ಹೇಳಿದರು. ಹಿಂದೆ ಇಲ್ಲಿ ವಾರಾನ್ನ ಎಂದಿತ್ತು. ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದುತ್ತಿದ್ದರು. ಊರೇ ಬರಮಾಡಿಕೊಂಡ ಹಾಗೆ ಎಂದು ಈಗ ಹೇಳುವವರುಂಟು. ಆದರೆ ಆ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆಯುತ್ತಿರಲಿಲ್ಲ. ಜಾತಿಗೊಂದು ಹಾಸ್ಟೆಲು ಎದ್ದದ್ದು ಸುಮ್ಮನೆ ಅಲ್ಲ. ನಮ್ಮ ಹುಡುಗಿಯ ರೂಮಿನಲ್ಲಿ ನಾಲ್ಕು ಮಂಚ, ನಾಲ್ಕು ಊರು. ಯಾರ ಮನೆಯ ಚಟ್ನಿಪುಡಿ ಖಾರ ಎಂಬುದೊಂದೇ ಆಗಲೇ ಎದ್ದಿದ್ದ ಜಗಳ.

ಸಂತೇಪೇಟೆಯಲ್ಲಿ ಚೌಕಾಸಿ ಮಾಡಿ ತಂದ ನೀಲಿ ಬಕೆಟ್ಟು, ಮಗ್ಗು, ಹಾರ್ಲಿಕ್ಸ್ ಬಾಟ್ಲಿಯಲ್ಲಿ ಹುರಿಹಿಟ್ಟು, ಎರಡು ಡಬ್ಬ ಕೋಡುಬಳೆ ಎಲ್ಲ ಮಂಚದ ಕೆಳಗೆ ಸೇರಿದವು. ಹುಡುಗಿ ಬೆಳಗಿನಿಂದ ನಮ್ಮಿಂದ ನಾಲ್ಕು ಮಾರು ದೂರವೇ ನಡೆಯುತ್ತಿದ್ದಳು, ಈ ಎಂಟು ಜನ ಯಾರೋ, ತಾನು ಯಾರೋ ಎಂಬ ಹಾಗೆ. ವಾರ್ಡನ್ ಮೇಡಂ ಬಂದು "ಪೋಷಕರು ಇನ್ನು ಹೊರಡಬಹುದು" ಎಂದರು. ತಂಗಿ ಬಕೆಟ್ಟನ್ನು ಎತ್ತಿ ಈ ಮೂಲೆಯಿಂದ ಆ ಮೂಲೆಗಿಟ್ಟಳು. ಮತ್ತೆ ಎತ್ತಿ ಮೊದಲಿನ ಮೂಲೆಗೇ ಇಟ್ಟಳು. ಹುಡುಗಿ ಆಗ ಮಾತ್ರ ಹತ್ತಿರ ಬಂದು, ಏನೂ ಹೇಳದೆ, ಅಮ್ಮನ ಸೆರಗಿಗೆ ಹತ್ತಿದ್ದ ಸುಣ್ಣದ ಧೂಳನ್ನು ಕೊಡವಿದಳು.

ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರು ಸೀಟು ಹಿಡಿದಾಗಿತ್ತು. ಭಾವ ಟಿಕೆಟಿನ ದುಡ್ಡು ಎಣಿಸುತ್ತಿದ್ದರು. ನನ್ನ ಫೋನು ಬಡಿಯಿತು, ಹುಡುಗಿ.

"ಮಾವ, ಬಕೆಟ್ ಮೇಲೆ ಪೇಂಟಲ್ಲಿ ಹೆಸ್ರು ಬರೀಬೇಕಂತೆ, ಇಲ್ದಿದ್ರೆ ಕಳ್ದೋಗುತ್ತಂತೆ. ಯಾವ ಹೆಸ್ರು ಬರೀಲಿ?"

"ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡಲ್ಲಿ ಹೆಂಗಿದೆಯೋ ಹಂಗೇ" ಎಂದಿತು ಮೂವತ್ತೊಂದು ವರ್ಷದ ನಾಲಿಗೆ, ನನ್ನನ್ನು ಕೇಳದೆ.

"ಏನಂತೆ ಭಾವ?" ಎಂದರು ಭಾವ.

"ಬಕೆಟ್ಟಿಗೂ ಇನಿಷಿಯಲ್ ಕೇಳ್ತಿದ್ದಾರೆ ಭಾವ."