ಬಕೆಟ್ ಬೇಸಾಯದ ಡಾಕ್ಟ್ರು

ಮೈಸೂರಿನ ಪಡುವಾರಹಳ್ಳಿಯಲ್ಲಿ ಪಿಎಚ್.ಡಿ. ಮಾಡುವವರ ರೂಮು ಹುಡುಕಲು ಯಾರನ್ನೂ ವಿಳಾಸ ಕೇಳಬೇಕಾಗಿಲ್ಲ. ಕತ್ತೆತ್ತಿ ತಾರಸಿಗಳನ್ನು ನೋಡುತ್ತಾ ಹೋದರಾಯಿತು. ಒಗೆದ ಜೀನ್ಸ್ ಪ್ಯಾಂಟುಗಳು ಮಾತ್ರ ನೇತಾಡುತ್ತಿದ್ದರೆ ಅಲ್ಲಿ ಎಂ.ಎ. ಹುಡುಗರಿದ್ದಾರೆ. ಹಪ್ಪಳ ಒಣಗುತ್ತಿದ್ದರೆ ಸಂಸಾರಸ್ಥರು. ಪೇಂಟಿನ ಖಾಲಿ ಬಕೆಟ್ಟು, ಸೀಳಿದ ವಾಷ್‌ಬೇಸಿನ್ನು, ಹಿಡಿ ಹೋದ ಕುಕ್ಕರು, ಎಣ್ಣೆ ಡಬ್ಬ ಇವುಗಳೊಳಗಿಂದೆಲ್ಲ ಹಸಿರು ಇಣುಕುತ್ತಿದ್ದು, ನಡುವೆ ಲುಂಗಿ ಎತ್ತಿ ಕಟ್ಟಿದ ಒಬ್ಬಾತ ಹಲ್ಲುಜ್ಜುತ್ತಲೇ ಬಗ್ಗಿ ಬದನೆ ಎಲೆಯ ಬೆನ್ನನ್ನು ಪರೀಕ್ಷಿಸುತ್ತಿದ್ದರೆ, ಅಲ್ಲೊಂದು ಮಹಾಪ್ರಬಂಧ ನಡೆಯುತ್ತಿದೆ ಎಂದು ತಿಳಿಯಿರಿ. ನಡೆಯುತ್ತಿದೆ ಅಂದರೆ ನಿಂತಿದೆ ಎಂದರ್ಥ.

ಇಂಥವರಲ್ಲಿ ಒಬ್ಬನ ಜೊತೆ ನಾನು ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದೆ. ಬೀದಿಯವರೆಲ್ಲ ಅವನನ್ನು 'ಡಾಕ್ಟ್ರು' ಎಂದೇ ಕರೆಯುತ್ತಾರೆ. ನೋಂದಣಿಯಾದ ದಿನವೇ ಮೂಲೆ ಅಂಗಡಿಯವರು ಆ ಪಟ್ಟ ಕಟ್ಟಿಬಿಟ್ಟರು. ವಿಶ್ವವಿದ್ಯಾನಿಲಯ ಇನ್ನೂ ಯೋಚಿಸುತ್ತಿದೆ. ಓನರ್ ಆಂಟಿ ಒಮ್ಮೆ ಮಂಡಿನೋವಿಗೆ ಅವನನ್ನೇ ಮಾತ್ರೆ ಕೇಳಿದ್ದರು. "ನಾನು ಕನ್ನಡದ ಡಾಕ್ಟ್ರು ಆಂಟಿ" ಎಂದ. "ಆಗ್ಲಿ ಬಿಡಪ್ಪ, ನಾಟಿ ಔಷಧೀನೇ ಹೇಳು" ಅಂದರು.

ಅವನ ವಿಷಯ ಹಳಗನ್ನಡ ಕಾವ್ಯಗಳಲ್ಲಿ ಉದ್ಯಾನವರ್ಣನೆ. ಮಹಾಕಾವ್ಯ ಅನ್ನಿಸಿಕೊಳ್ಳಬೇಕಾದರೆ ಹದಿನೆಂಟು ವರ್ಣನೆಗಳು ಇರಲೇಬೇಕೆಂಬ ಕಟ್ಟಳೆ ಇತ್ತಷ್ಟೆ, ಅದರಲ್ಲಿ ತೋಟದ ವಿಹಾರವೂ ಒಂದು. ಕೋರ್ಸ್‌ವರ್ಕ್ ಮುಗಿದ ಹೊಸದರಲ್ಲಿ ಗೈಡು ಒಂದು ದಿನ, "ಬರೀ ಪುಸ್ತಕ ನೋಡಿ ಪುಸ್ತಕ ಬರೀಬೇಡ, ಒಂಚೂರು ಗಿಡ ಮರಾನೂ ನೋಡು" ಎಂದು ಬಾಯಿತಪ್ಪಿ ಹೇಳಿದರು. ಅವರ ಮಾತುಗಳಲ್ಲಿ ಅವನು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದನ್ನೇ.

ಈ ಜಾತಿಯವರ ಬೆಳವಣಿಗೆಗೆ ಒಂದು ಕ್ರಮವಿದೆ. ಮೊದಲನೇ ವರ್ಷ ದೇವರಾಜ ಮಾರ್ಕೆಟ್ಟಿನಿಂದ ತಂದ ಪುದೀನ ಕಟ್ಟಿನ ಎಲೆ ಬಿಡಿಸಿಕೊಂಡು, ಉಳಿದ ಕಡ್ಡಿಯನ್ನು ಲೋಟದ ನೀರಿನಲ್ಲಿ ಇಡುತ್ತಾರೆ. ವಾರದೊಳಗೆ ಬಿಳಿ ಬೇರು ಇಳಿಯುತ್ತದೆ. ಅಲ್ಲಿಗೆ ಆಸಾಮಿ ಕೈತಪ್ಪಿದ. ಅದೇ ವರ್ಷ ಕೊತ್ತಂಬರಿ ಬೀಜವನ್ನು ಇಡಿಯಾಗಿಯೇ ಬಿತ್ತಿ, ಅದು ಮೊಳೆಯದಿದ್ದಾಗ ಹವಾಮಾನವನ್ನು ಬೈದು, ಕೊನೆಗೆ ಬೀಜವನ್ನು ಉಜ್ಜಿ ಎರಡು ಹೋಳು ಮಾಡಬೇಕೆಂದು ಸೊಪ್ಪು ಮಾರುವ ಅಜ್ಜಿಯಿಂದ ಕಲಿಯುತ್ತಾರೆ. ಎರಡನೇ ವರ್ಷ ಟೊಮೇಟೊ, ಬದನೆ. ಮೂರನೇ ವರ್ಷ ಸ್ವಂತ ಗೊಬ್ಬರ. ನಾಲ್ಕನೇ ವರ್ಷ ಬೀಜ ಸಂಗ್ರಹ. ಗೈಡು ಕೆಂಪು ಗೆರೆ ಎಳೆದು ವಾಪಸು ಕೊಟ್ಟ ಮೊದಲನೇ ಅಧ್ಯಾಯದ ಹಾಳೆಗಳಲ್ಲಿ ಪೊಟ್ಟಣ ಕಟ್ಟಿ, ಮೇಲೆ ಹೆಸರು ಬರೆದು, ಸ್ನೇಹಿತರಿಗೆ ಹಂಚುತ್ತಾರೆ. ಅವನ ಪ್ರಬಂಧದ 14ನೇ ಪುಟವನ್ನು ನಾನು ಓದಿದ್ದು ಹರಿವೆ ಬೀಜದ ಪೊಟ್ಟಣ ಬಿಚ್ಚಿದಾಗ. ಐದನೇ ವರ್ಷ ಬರೀ ಉಪದೇಶ.

ಯಾಕೆ ಹೀಗೆ ಎಂದು ಕೇಳಿದರೆ ಲೆಕ್ಕ ಸರಳವಾಗಿದೆ. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಟೊಮೇಟೊ ಸಸಿ ನೆಟ್ಟರೆ ಎರಡೂವರೆ ತಿಂಗಳಿಗೆ ಹಣ್ಣು. ಮೆಂತ್ಯ ಚೆಲ್ಲಿದರೆ ಮೂರು ದಿನಕ್ಕೆ ತಲೆ ಎತ್ತುತ್ತದೆ. ಗೈಡಿಗೆ ಅಧ್ಯಾಯ ಕೊಟ್ಟರೆ ಅವರು ತಲೆ ಎತ್ತುವುದಕ್ಕೆ ಮೂರು ತಿಂಗಳು. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಒಪ್ಪಿಸುವಾಗ ಕಣ್ಣಿಗೆ ಕಾಣುವ ಪ್ರಗತಿ ಅವನ ಬಳಿ ಇದ್ದದ್ದು ತಾರಸಿಯಲ್ಲಿ ಮಾತ್ರ.

ಜೆಆರ್‌ಎಫ್ ಫೆಲೋಶಿಪ್ ಸಿಕ್ಕವರ ಕಥೆ ಬೇರೆ. 2023ರ ಜನವರಿಯಿಂದ ಅವರಿಗೆ ತಿಂಗಳಿಗೆ 37,000 ರೂಪಾಯಿ. ಅವರು ನೀರಾವರಿ ಜಮೀನಿನವರು. ನಮ್ಮವನದು ಮಳೆಯಾಧಾರಿತ. ವಾರಕ್ಕೆರಡು ದಿನ ಸಂಜೆ ಕಾಲೇಜೊಂದರಲ್ಲಿ ಪಾಠ, ಪರೀಕ್ಷೆ ಕಾಲದಲ್ಲಿ ಒಂದಷ್ಟು ಟ್ಯೂಷನ್ನು. ಹಾಗಾಗಿ ಗಿಡ ಕೊಳ್ಳುವ ಪದ್ಧತಿ ಇಲ್ಲ. ಕಾಂಪೌಂಡಿನಾಚೆ ಬಾಗಿದ ದಾಸವಾಳ, ಕಣಗಿಲೆ, ಮಲ್ಲಿಗೆಯ ಕಡ್ಡಿಗಳನ್ನು ಮುರಿದುಕೊಂಡು ಬರುತ್ತಿದ್ದ. ಕೇಳಿದರೆ ಅದಕ್ಕೂ ನಿಯಮ ಹೇಳುತ್ತಿದ್ದ: "ಪ್ರಬಂಧದಲ್ಲಿ ಶೇಕಡಾ 10ರವರೆಗೆ ಹೋಲಿಕೆ ಇದ್ದರೆ ಕೃತಿಚೌರ್ಯಕ್ಕೆ ದಂಡವಿಲ್ಲ ಅಂತ 2018ರಲ್ಲೇ ಆಗಿದೆ. ನಾನೂ ಹತ್ತು ಕೊಂಬೆಗೆ ಒಂದರ ಮೇಲೆ ಮುರಿಯೋದಿಲ್ಲ."

ಒಣ ಎಲೆಗೆ ಮಾನಸಗಂಗೋತ್ರಿ ಕ್ಯಾಂಪಸ್ಸೇ ಇತ್ತು. ಒಂದು ಮುಂಜಾನೆ ಮರಗಳ ಕೆಳಗೆ ಎಲೆ ಗುಡಿಸಿ ಗೋಣಿಚೀಲಕ್ಕೆ ತುಂಬುತ್ತಿದ್ದಾಗ, ಹೊಸದಾಗಿ ಬಂದ ಆಳೆಂದುಕೊಂಡ ಮೇಸ್ತ್ರಿ "ಆ ಕಡೇದೂ ಗುಡ್ಸಯ್ಯ" ಎಂದರಂತೆ. ಗುಡಿಸಿ ಬಂದ. "ಅರ್ಜಿ ಹಾಕದೆ, ಇಂಟರ್‌ವ್ಯೂ ಇಲ್ಲದೆ ಕ್ಯಾಂಪಸ್ಸಿನಲ್ಲಿ ಸಿಕ್ಕ ಮೊದಲ ಕೆಲಸ, ಹೇಗೆ ಬಿಡೋದು?" ಎಂದು ಹೇಳಿಕೊಂಡು ನಕ್ಕ.

ಆಮೇಲೆ ಅವನ ಕೈಗೆ 'ಲೋಕೋಪಕಾರ' ಸಿಕ್ಕಿತು. ಇಮ್ಮಡಿ ಚಾವುಂಡರಾಯ 1025ರ ಸುಮಾರಿಗೆ ಬರೆದ ಆ ಗ್ರಂಥದಲ್ಲಿ ಅಡುಗೆಯಿಂದ ಹಿಡಿದು ಅಂತರ್ಜಲ ಪತ್ತೆಯವರೆಗೆ ಎಲ್ಲವೂ ಇದೆ. ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲು. ಅಲ್ಲಿಂದ ಮುಂದೆ ಗಿಡಕ್ಕೆ ನೀರು ಹಾಕುವುದೂ ಸಂಶೋಧನೆಯಾಯಿತು. ಎರಡನೇ ಅಧ್ಯಾಯ ಎಲ್ಲಿಗೆ ಬಂತೆಂದು ಗೈಡು ಕೇಳಿದಾಗ, "ಸಾವಿರ ವರ್ಷ ಕಾದಿರೋ ಕೃತಿ ಸಾರ್, ಇನ್ನಾರು ತಿಂಗಳು ಕಾಯೋದಿಲ್ವೇ?" ಎಂದನಂತೆ. ಕೃತಿ ಕಾಯುತ್ತದೆ, ನೋಂದಣಿ ಕಾಯುವುದಿಲ್ಲ ಎಂದು ಅವರು ಹೇಳಿದ್ದನ್ನು ಮಾತ್ರ ನಮಗೆ ಹೇಳಲಿಲ್ಲ.

ನಾವು ಐದು ಜನ ಆ ತಾರಸಿಯಲ್ಲಿ ಸಂಜೆ ಸೇರುತ್ತಿದ್ದೆವು. ಪುಟ್ಟಣ್ಣ ಕಣಗಾಲರ 1978ರ ಸಿನಿಮಾದ ಹೆಸರು ಕದ್ದು ನಮ್ಮನ್ನು ನಾವೇ ಪಡುವಾರಹಳ್ಳಿ ಪಾಂಡವರು ಎಂದುಕೊಂಡಿದ್ದೆವು. ನಮ್ಮಲ್ಲಿ ಸಂಖ್ಯಾಶಾಸ್ತ್ರದವನೊಬ್ಬ. ಕೊಕೊಪೀಟು, ಬೇವಿನ ಹಿಂಡಿ, ಕೆಂಪುಮಣ್ಣು, ಮಣ್ಣು ಹೊತ್ತ ಆಟೋದ ಬಾಡಿಗೆ ಎಲ್ಲ ಕೂಡಿ, ಬಂದ ಫಸಲಿನಿಂದ ಭಾಗಿಸಿ, ಒಂದು ಟೊಮೇಟೊ 86 ರೂಪಾಯಿಗೆ ಬಿತ್ತೆಂದು ತೋರಿಸಿಕೊಟ್ಟ. ಆ ಲೆಕ್ಕ ಕೇಳಿದ ಮೇಲೆ ಆ ಟೊಮೇಟೊವನ್ನು ಸಾರಿಗೆ ಹಾಕಲು ಯಾರಿಗೂ ಧೈರ್ಯ ಬರಲಿಲ್ಲ. ಎರಡು ದಿನ ಕಿಟಕಿಯಲ್ಲಿಟ್ಟು ನೋಡಿದೆವು. ಮೂರನೇ ದಿನ ಇಲಿ ತಿಂದಿತು.

ಇನ್ನೊಬ್ಬಳು ಸಸ್ಯಶಾಸ್ತ್ರದ ಸ್ಕಾಲರ್. ಯಾವ ಗಿಡ ತೋರಿಸಿದರೂ ಹೆಸರು, ಕುಟುಂಬ, ಗೋತ್ರ, ಪ್ರವರ ಸಮೇತ ಹೇಳುವವಳು. ಆದರೆ ಹಾಸ್ಟೆಲ್ ರೂಮಿನಲ್ಲಿ ಅವಳು ಸಾಕಿದ ಕಳ್ಳಿ ಗಿಡವೂ ಬದುಕಿರಲಿಲ್ಲ. ದಾಸವಾಳದ ಎಲೆಯಡಿ ಹತ್ತಿಯಂಥದ್ದೇನೋ ಅಂಟಿಕೊಂಡಾಗ ಅವಳನ್ನು ಕರೆಸಿದೆವು. ಕನ್ನಡಕ ಸರಿಪಡಿಸಿಕೊಂಡು ಬಗ್ಗಿ, "ಸ್ಯೂಡೊಕಾಕಿಡೇ ಕುಟುಂಬ" ಎಂದು ತೀರ್ಪು ಕೊಟ್ಟಳು. ಮುಂದೇನು ಎಂದರೆ, ಅದು ಕೀಟಶಾಸ್ತ್ರದವರ ವಿಭಾಗಕ್ಕೆ ಸೇರಿದ್ದು ಎಂದಳು. ಬಟ್ಟೆ ಒಣಗಿಸಲು ಬಂದ ಓನರ್ ಆಂಟಿ ಒಂದು ಕಣ್ಣು ಹಾಯಿಸಿ, "ಬಿಳಿ ಹಿಟ್ಟಿನ ಹುಳ ಕಣಮ್ಮ, ಸೋಪಿನ ನೀರು ಹೊಡೀರಿ" ಎಂದು ಇಳಿದು ಹೋದರು. ಹುಳ ಹೋಯಿತು.

ಆಂಟಿಯೊಂದಿಗೆ ಸಂಬಂಧ ಕೆಟ್ಟದ್ದು ಒಮ್ಮೆ ಮಾತ್ರ, ಜೀವಾಮೃತವೆಂಬ ದ್ರವಗೊಬ್ಬರದಿಂದ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರರ ಲೆಕ್ಕದಲ್ಲಿ 200 ಲೀಟರ್ ನೀರಿಗೆ 10 ಕೆ.ಜಿ. ಸಗಣಿ, ಹತ್ತು ಲೀಟರ್ ಗಂಜಲ, ಎರಡು ಕೆ.ಜಿ. ಬೆಲ್ಲ, ಎರಡು ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಅದು ಒಂದು ಎಕರೆಗೆ. ನಮ್ಮವನ ಹಿಡುವಳಿ ಮೂವತ್ತೆರಡು ಬಕೆಟ್ಟು. ಎಲ್ಲವನ್ನೂ ಹತ್ತರಿಂದ ಭಾಗಿಸಿ ಇಪ್ಪತ್ತು ಲೀಟರಿನ ಬಕೆಟ್ಟಿನಲ್ಲಿ ಕಲಸಿ, ಗೋಣಿ ಮುಚ್ಚಿ, ಬಾಗಿಲ ಪಕ್ಕ ಇಟ್ಟ. ದಿನಕ್ಕೆರಡು ಬಾರಿ ಕೋಲಿನಿಂದ ಭಕ್ತಿಯಿಂದ ತಿರುವಿದ. ಮೂರನೇ ದಿನ ಅದು ಹದಕ್ಕೆ ಬಂತು. ಅದೇ ದಿನ ಕೆಳಗೆ ಸತ್ಯನಾರಾಯಣ ಪೂಜೆ, ನೆಂಟರೆಲ್ಲ ಊಟಕ್ಕೆ ಕೂತಿದ್ದಾರೆ. ಆಂಟಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೆಟ್ಟಿಲು ಹತ್ತಿ ಬಂದರು.

"ಡಾಕ್ಟ್ರೇ, ಇಲ್ಲಿ ಏನೋ ಸತ್ತಿದೆ."

"ಇಲ್ಲ ಆಂಟಿ, ಕೋಟ್ಯಂತರ ಜೀವಿಗಳು ಹುಟ್ಟಿವೆ."

"ಯಾವುದಾದ್ರೂ ಆಗ್ಲಿ, ಸೂತಕ ಸೂತಕಾನೇ. ಈಗ್ಲೇ ತೆಗೀರಿ."

ಆ ತಿಂಗಳು ರೂಮು ಖಾಲಿ ಮಾಡುವ ಮಾತು ಬಂತು. ಕೊನೆಗೆ ರಾಜಿಯಾಯಿತು: ಶುಕ್ರವಾರದ ಹೂವು, ದಿನದ ಕರಿಬೇವು ಕೆಳಗಿನ ಮನೆಗೆ, ವಾಸನೆ ಬರುವ ಯಾವ ಸಂಶೋಧನೆಯೂ ಹಬ್ಬದ ದಿನ ಕೂಡದು. ಎರಡು ತಿಂಗಳಲ್ಲಿ ಆಂಟಿಯದೇ ಒಂದು ಹಳೇ ಬಕೆಟ್ಟು ಮೇಲೆ ಬಂತು, ಒಳಗೆ ಒಂದೆಲಗ. "ನಿಮ್ಮದಕ್ಕೆ ಹಾಕುವಾಗ ಇದಕ್ಕೂ ಆ ಗಲೀಜು ಒಂದು ಲೋಟ ಹಾಕಪ್ಪ" ಎಂದು ಮೆಲ್ಲಗೆ ಹೇಳಿ ಹೋದರು.

ಸಂಜೆಯ ಹೊತ್ತು ಅವನಿಗೆ ಬಿಡುವಿರುತ್ತಿರಲಿಲ್ಲ. ಸೋರೆಯ ಬಿಳಿ ಹೂವು ಅರಳುವುದೇ ಸಂಜೆಗೆ. ಪೇಟೆಯ ತಾರಸಿಗೆ ಆ ಹೊತ್ತಿನಲ್ಲಿ ಪತಂಗಗಳು ಬರಬೇಕಲ್ಲ. ಬರದಿದ್ದರೆ ಗಂಡು ಹೂವನ್ನು ಕಿತ್ತು, ಹೆಣ್ಣು ಹೂವಿಗೆ ಸವರಿ, ತಾನೇ ಪುರೋಹಿತನಾಗಬೇಕು. ಮೂವತ್ತೊಂದು ತುಂಬಿದ ಬ್ರಹ್ಮಚಾರಿ ಮೊಬೈಲಿನ ಬೆಳಕಿನಲ್ಲಿ ಹೀಗೆ ಮದುವೆ ಮಾಡಿಸುತ್ತಿರುವಾಗಲೇ ಮಳವಳ್ಳಿ ಕಡೆಯ ಊರಿನಿಂದ ಅವ್ವನ ಫೋನು.

"ಏನ್ ಮಾಡ್ತಿದ್ದೀಯಪ್ಪ?"

"ಸಂಬಂಧ ಕೂಡುಸ್ತಿದ್ದೀನಿ ಕಣವ್ವ."

ಆ ಕಡೆ ಉಸಿರು ನಿಂತಿತು. "ಯಾರ್ದು ಮಗ? ನಿಂದಾ?"

"ಸೋರೆಕಾಯಿದು."

ಅವ್ವ ಆ ವಾರವೆಲ್ಲ ಫೋನು ಮಾಡಲಿಲ್ಲ. ಬದಲಿಗೆ ಅಪ್ಪನನ್ನೇ ಕಳಿಸಿದಳು.

ಅಪ್ಪ ರಾಗಿ ಚೀಲ, ನಾಲ್ಕು ತೆಂಗಿನಕಾಯಿ ಹೊತ್ತು ಮೆಟ್ಟಿಲು ಹತ್ತಿ ಬಂದು ನಿಂತು, ಮೂವತ್ತೆರಡು ಬಕೆಟ್ಟುಗಳನ್ನೂ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಎರಡೆಕರೆಯಲ್ಲಿ ಕಬ್ಬು, ಭತ್ತ ಬೆಳೆದು ಮಗನನ್ನು ಓದಿಸಿದವರು. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಹೇಳಿದರು: "ಅಲ್ಲ ಕಣ್ಲಾ, ಮಣ್ಣು ಮುಟ್ಟದಂಗೆ ಬದುಕ್ಲಿ ಅಂತ ಓದ್ಸುದ್ರೆ, ನೀನು ಮಣ್ಣ ಮಾಡಿ ಮ್ಯಾಲಕ್ಕೆ ಹೊತ್ತಿದ್ದೀಯಲ್ಲ!"

ನಮ್ಮವನು ಉತ್ತರ ಕೊಡದೆ ತನ್ನ ಈರನಗೆರೆ ಬದನೆಯನ್ನು ತೋರಿಸಿದ. ಎದೆಯೆತ್ತರ ಬೆಳೆದಿತ್ತು, ಒಂದೊಂದು ಎಲೆಯೂ ಅಂಗೈಯಗಲ. ಹೂವು ಮಾತ್ರ ಇಲ್ಲ. ಅಪ್ಪ ಕಾಂಡ ಹಿಸುಕಿ, ಮಣ್ಣಿಗೆ ಬೆರಳು ಹಾಕಿ ನೋಡಿದರು.

"ಗೊಬ್ರ ಜಾಸ್ತಿಯಾಗಿ ಸೊಕ್ಕೋಗದೆ ಕಣ್ಲಾ. ತಿಂದಿದ್ದೆಲ್ಲ ಎಲೆಗೇ ಹೋಯ್ತಾ ಅದೆ, ಕಾಯಿ ಎಲ್ಲಿಂದ ಬುಟ್ಟಾದು? ಗೊಬ್ರ ನಿಲ್ಸು. ನೀರ್ನೂವೆ ಒಂಚೂರು ಬಿಗಿ ಹಿಡಿ. ಕಾಯ್ಸುದ್ರೆ ತಾನಾಗೇ ಹೂವ ಕಚ್ತದೆ."

ನಮ್ಮವನು ಜೇಬಿನಿಂದ ಕ್ಷೇತ್ರಕಾರ್ಯದ ಪುಸ್ತಕ ತೆಗೆದು ಬರೆದುಕೊಂಡ. ನಾನು ಇಣುಕಿ ನೋಡಿದೆ: 'ವಕ್ತೃ: ಅಪ್ಪ. ವಯಸ್ಸು 61. ಕಸುಬು ಬೇಸಾಯ. ಸ್ಥಳ: ತಾರಸಿ.'

ಅವನು ಬರೆದುಕೊಂಡದ್ದು ಬದನೆಯ ವಿಷಯ. ನನಗೆ ಕೇಳಿಸಿದ್ದು ಬೇರೆ. ರೂಮಿನೊಳಗೆ ಮಂಚದ ಕೆಳಗೆ ಐದು ವರ್ಷದ ಟಿಪ್ಪಣಿಗಳು ಹನ್ನೊಂದು ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಗ್ರಂಥಋಣದ ಪಟ್ಟಿಯೇ ನಲವತ್ತು ಪುಟ. ಅಧ್ಯಾಯ ಎರಡು. ಇಷ್ಟು ಗೊಬ್ಬರ ತಿಂದ ಪ್ರಬಂಧ ಎಲೆ ಬಿಡದೆ ಇನ್ನೇನು ಬಿಟ್ಟೀತು? ಆ ರಾತ್ರಿ ಮುದ್ದೆ ತಿರುವುವಾಗ ಇದನ್ನು ಹೇಳಿಯೇಬಿಟ್ಟೆ. ಅಪ್ಪನಿಗೆ ಪಿಎಚ್.ಡಿ. ಅಂದರೆ ಏನೆಂದು ಅಷ್ಟಾಗಿ ತಿಳಿಯದು, ಆದರೂ ಪೆಟ್ಟಿಗೆಗಳತ್ತ ನೋಡಿ "ಅದ್ಕೂ ಅದೇಯ" ಎಂದರು. ಮಗ ಮಾತಾಡದೆ ಉಪ್ಪಿನಕಾಯಿ ಡಬ್ಬಕ್ಕೆ ಕೈ ಹಾಕಿದ.

ಅಪ್ಪ ಊರಿಗೆ ಹೋದ ಮೇಲೆ ಬದನೆಗೆ ಗೊಬ್ಬರ ನಿಂತಿತು. ತಿಂಗಳೊಳಗೆ ನೇರಳೆ ಹೂವು ಬಂತು, ಆಮೇಲೆ ಕಾಯಿ. ಐವರೂ ಕೂತು ಎಣ್ಣೆಗಾಯಿ ತಿಂದೆವು. ಸಂಖ್ಯಾಶಾಸ್ತ್ರದವನಿಗೆ ಲೆಕ್ಕ ಹೇಳದಿರುವ ಷರತ್ತಿನ ಮೇಲೆ ಊಟ ಹಾಕಲಾಯಿತು.

ಈಗ ನಾನು ದೂರದ ಊರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಪಾಂಡವರೂ ಚದುರಿದ್ದಾರೆ. ಡಾಕ್ಟ್ರು ಮಾತ್ರ ತಾರಸಿ ಬಿಟ್ಟಿಲ್ಲ. ನಿಮ್ಮ ಮನೆಯ ಮೇಲೂ ಅಂಥವನೊಬ್ಬ ಬಾಡಿಗೆಗಿದ್ದರೆ ಒಂದು ಮಾತು: ಯಾವಾಗ ಮುಗಿಯುತ್ತೆ ಎಂದು ಕೇಳಬೇಡಿ. ಟೊಮೇಟೊ ಹೇಗಿದೆ ಎಂದು ಕೇಳಿ. ಹೋಗುವಾಗ ಕೈಯಲ್ಲೊಂದು ಬ್ಯಾಗಿರಲಿ.

ಹೋದ ವಾರ ನನಗೆ ಅಂಚೆಯಲ್ಲಿ ಸೋರೆ ಬೀಜ ಬಂತು. ರೂಢಿಯಂತೆ ಪೊಟ್ಟಣ ಬಿಚ್ಚಿ ಹಾಳೆಯನ್ನು ನೇರ ಮಾಡಿ ಓದಿದೆ. ಅದು ಮೂರನೇ ಅಧ್ಯಾಯದ ಹಾಳೆ. ಅಂದರೆ ಬರೆದಿದ್ದಾನೆ, ಗೈಡು ನೋಡಿ ವಾಪಸೂ ಕೊಟ್ಟಿದ್ದಾರೆ. ಕೆಂಪು ಗೆರೆ ಈ ಸಲ ಎರಡೇ ಇವೆ.