ಅರ್ಥಿಂಗ್ ರಾಯರು

ಮೈಸೂರಿನ ಕುವೆಂಪುನಗರದ ನಮ್ಮ ರಾಯರು ಎಲೆಕ್ಟ್ರಿಕ್ ಕಾರು ಕೊಂಡ ಮೇಲೆ ಯಾರನ್ನೂ "ಚೆನ್ನಾಗಿದ್ದೀರಾ?" ಎಂದು ಕೇಳಿದ್ದಿಲ್ಲ. "ನಿಮ್ಮನೇಲಿ ಅರ್ಥಿಂಗ್ ಹೇಗಿದೆ?" ಎಂದೇ ಶುರು. ಚೆನ್ನಾಗಿದೆ ಅಂದರೆ ನಂಬುವ ಆಸಾಮಿಯಲ್ಲ. ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೇ ಟೆಸ್ಟರ್ ಇರುತ್ತದೆ. ಕಾಫಿ ಬರುವಷ್ಟರಲ್ಲಿ ಟಿವಿ ಹಿಂದಿನ ಪ್ಲಗ್ಗಿಗೆ ಅದನ್ನು ಚುಚ್ಚಿ, ಡಾಕ್ಟರು ನಾಲಿಗೆ ನೋಡಿದಂತೆ ನೋಡಿ, "ಹೂಂ" ಅನ್ನುತ್ತಾರೆ. ಟೆಸ್ಟರಿನಿಂದ ಅರ್ಥಿಂಗ್ ಗೊತ್ತಾಗುವುದಿಲ್ಲ ಎಂಬುದು ಬೇರೆ ಮಾತು. ಆ "ಹೂಂ" ಕೇಳಿದವರಿಗೆ ಮಾತ್ರ ರಾತ್ರಿ ನಿದ್ದೆಯಿಲ್ಲ.

ಮೊದಲು ಹೀಗಿರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಈ ಮನುಷ್ಯ, ಫ್ಯೂಸು ಹೋದರೆ ಎಲೆಕ್ಟ್ರಿಷಿಯನ್ ಬರುವವರೆಗೂ ಮೇಣದಬತ್ತಿ ಹಚ್ಚಿ ಕೂರುತ್ತಿದ್ದವರು. ಕಾರು ಬಂದ ದಿನ ಬಚ್ಚಲಿನ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರು ಇಳಿಬಿಟ್ಟು, ಗೀಸರಿನ 15 ಆಂಪಿಯರ್ ಪ್ಲಗ್ಗಿಗೇ ಸಿಕ್ಕಿಸಿ ಮಲಗಿದರು. ಬೆಳಗ್ಗೆ ನೋಡಿದರೆ ಪ್ಲಗ್ಗು ಸೀದ ಹಪ್ಪಳವಾಗಿತ್ತು. ಎಲೆಕ್ಟ್ರಿಷಿಯನ್ ಹುಡುಗ ಬಂದು, "ಗೀಸರು ಕಾಲು ಗಂಟೆ ಎಳೆದು ಸುಮ್ನಾಗುತ್ತೆ ಸಾರ್. ಇದು ರಾತ್ರಿಯೆಲ್ಲ ಎಳೀತಾನೇ ಇರುತ್ತೆ" ಎಂದ. ರಾಯರಿಗೆ ಅದೇ ಮಂತ್ರೋಪದೇಶ.

ಆಮೇಲೆ ಕಾರಿಗೆಂದೇ ಮೀಟರ್ ಬೋರ್ಡಿನಿಂದ ಬೇರೆ ಲೈನು, 4 ಸ್ಕ್ವೇರ್ ಎಂಎಂ ತಾಮ್ರದ ವೈರು, 20 ಆಂಪಿಯರಿನ ಎಂಸಿಬಿ, 30 ಮಿಲಿ ಆಂಪಿಯರ್ ಸೋರಿದರೂ ಕರೆಂಟು ಕಡಿಯುವ ಆರ್‌ಸಿಸಿಬಿ ಬಂದವು. ಮನೆಯ ಮಂಜೂರಾದ ಲೋಡು 3 ಕಿಲೋವ್ಯಾಟಿನಿಂದ 5ಕ್ಕೆ ಏರಿತು. 7.2 ಕಿಲೋವ್ಯಾಟಿನ ಚಾರ್ಜರೇ ಹಾಕಿಸಿ ಎಂದವರಿಗೆ, "32 ಆಂಪಿಯರ್! ಮನೆ ಕಟ್ಟಿದ್ದು ಸಂಸಾರಕ್ಕೆ ಕಣಯ್ಯ, ಸಬ್‌ಸ್ಟೇಷನ್ನಿಗಲ್ಲ" ಎಂದು ಗದರಿದರು.

ಸಂಸಾರ ನಡೆಯುತ್ತಿರುವುದು ಮಾತ್ರ ಸಬ್‌ಸ್ಟೇಷನ್ನಿನ ಹಾಗೆಯೇ. ಕಾರು 3.3, ಗೀಸರು 2; ಕೂಡಿದರೆ 5.3. ಬ್ಯಾಂಕಿನವರಲ್ಲವೇ, ಓವರ್‌ಡ್ರಾಫ್ಟ್ ಆಗದು. ಫ್ರಿಜ್ಜಿನ ಬಾಗಿಲಿಗೆ ಟೈಂಟೇಬಲ್ ಅಂಟಿಸಿದ್ದಾರೆ: ದೋಸೆಗೆ ರುಬ್ಬುವುದು ಸಂಜೆ 6ರೊಳಗೆ, ರಾತ್ರಿ 9ರಿಂದ ಕಾರು, ಸ್ನಾನ ಬೆಳಗ್ಗೆ 6ರ ಮೇಲೆ. ಇಷ್ಟಕ್ಕೂ ಕಾರು ಓಡುವುದು ದೇವರಾಜ ಮಾರುಕಟ್ಟೆಗೆ, ಸೊಪ್ಪಿಗೆ. ಖರ್ಚಾಗುವುದು ಒಂದೆರಡು ಯೂನಿಟ್ಟು. ಮುಕ್ಕಾಲು ಗಂಟೆ ಸಿಕ್ಕಿಸಿದರೆ ತುಂಬಿತು. ಕಾವಲು ಮಾತ್ರ ಬೆಳಗಿನವರೆಗೆ.

"ಮೂವತ್ತು ವರ್ಷ ಆಯ್ತು, ನನ್ನ ಊಟ ಆಯ್ತಾ ಅಂತ ಕೇಳಿದವರಲ್ಲ" ಎನ್ನುತ್ತಾರೆ ಅವರ ಹೆಂಡತಿ. "ಅದಕ್ಕೆ ಮಾತ್ರ ರಾತ್ರಿ ಎರಡು ಸಲ ಎದ್ದು ಹೋಗಿ, ಪ್ಲಗ್ಗು ಮುಟ್ಟಿ ಜ್ವರ ನೋಡ್ತಾರೆ."

ತುಳಸಿಕಟ್ಟೆಯ ಪಕ್ಕದಲ್ಲಿ ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿ ಇದೆ. ಮಣ್ಣು ಒಣಗಿದರೆ ಅರ್ಥಿಂಗ್ ಕೆಡುತ್ತದೆ, ಕಾರು ಮುನಿಸಿಕೊಳ್ಳುತ್ತದೆ. ಹಾಗಾಗಿ ದಿನಾ ಬೆಳಗ್ಗೆ ಹೆಂಡತಿ ತುಳಸಿಗೆ ನೀರೆರೆದರೆ ರಾಯರು ಗುಂಡಿಗೆ ಒಂದು ಚೊಂಬು. ಮೊನ್ನೆ ಹೋದಾಗ ಗುಂಡಿಯ ಮುಚ್ಚಳದ ಮೇಲೆ ಅರಿಶಿನ ಕುಂಕುಮ, ಒಂದು ಕೆಂಪು ದಾಸವಾಳ.

"ಇದನ್ನ ಯಾರು ಇಟ್ಟಿದ್ದು ರಾಯರೇ?"

"ಯಾರಾದರೂ ಇಡಲಿ," ಎಂದರು ರಾಯರು ಚೊಂಬು ಬಗ್ಗಿಸುತ್ತ, "ನೀವು ಚಪ್ಪಲಿ ಅತ್ತ ಬಿಡಿ."