ಒಂದು ಪಾಯಿಂಟಿನ ಪಂಡಿತ

ತಂಡ ಅರವತ್ತು ಪಾಯಿಂಟಿನಿಂದ ಸೋತ ರಾತ್ರಿ ಮೆಲ್ಬರ್ನಿನ ಫುಟಿ ಅಭಿಮಾನಿ ಊಟ ಮುಗಿಸಿ ಬೇಗ ಮಲಗಿಬಿಡುತ್ತಾನೆ. ಒಂದು ಪಾಯಿಂಟಿನಿಂದ ಸೋತ ರಾತ್ರಿ ಅವನಿಗೂ ನಿದ್ದೆಯಿಲ್ಲ, ಹೆಂಡತಿಗೂ ಇಲ್ಲ, ಗೋಡೆ ತೆಳುವಾಗಿದ್ದರೆ ಪಕ್ಕದ ಮನೆಯವರಿಗೂ ಇಲ್ಲ. ದೊಡ್ಡ ಸೋಲಿನಲ್ಲಿ ವಾದಕ್ಕೆ ಏನೂ ಉಳಿದಿರುವುದಿಲ್ಲ. ಸಣ್ಣ ಸೋಲಿನಲ್ಲಿ ವಾದವಲ್ಲದ್ದು ಏನೂ ಇರುವುದಿಲ್ಲ. ಮೊದಲ ಕ್ವಾರ್ಟರಿನಲ್ಲಿ ಕೈಜಾರಿದ ಚೆಂಡು, ಅಂಪೈರ್ ಊದದ ಸೀಟಿ, ಗಾಳಿ, ಗುರುವಾರದ ತಂಡದ ಪಟ್ಟಿಯಲ್ಲಿ ಇಲ್ಲದ ಹೆಸರು: ಯಾವುದನ್ನು ಹಿಡಿದು ಕೆದಕಿದರೂ ಆ ಒಂದು ಪಾಯಿಂಟ್ ಸಿಕ್ಕೇ ಸಿಗುತ್ತದೆ.

ಆಟ ನೋಡದವರಿಗೆ ಎರಡು ಮಾತು. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಹುಟ್ಟಿದ್ದು ಕ್ರಿಕೆಟ್ಟಿನ ನೆಪದಲ್ಲಿ. ಚಳಿಗಾಲದಲ್ಲಿ ನಮ್ಮ ಕ್ರಿಕೆಟಿಗರು ಸುಮ್ಮನೆ ಕೂತು ಮೈ ಬೆಳೆಸಿಕೊಳ್ಳಬಾರದು ಎಂಬ ಚಿಂತೆಯಿಂದ ಟಾಮ್ ವಿಲ್ಸ್ ಎಂಬ ಆಟಗಾರ 1858ರಲ್ಲಿ ಪತ್ರಿಕೆಗೆ ಕಾಗದ ಬರೆದ. ಮರುವರ್ಷ ನಿಯಮಗಳು ಸಿದ್ಧವಾದವು. ಇಂದಿಗೂ ಆಡುವುದು ಹೆಚ್ಚಾಗಿ ಕ್ರಿಕೆಟ್ ಮೈದಾನಗಳಲ್ಲೇ. ಮೈದಾನವೂ ಮೊಟ್ಟೆಯಾಕಾರ, ಚೆಂಡೂ ಮೊಟ್ಟೆಯಾಕಾರ. ಒಂದೊಂದು ಕಡೆಗೆ ಹದಿನೆಂಟು ಜನ, ಒಂದೊಂದು ತುದಿಗೆ ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲ್, ಆರು ಪಾಯಿಂಟ್. ಗುರಿ ತಪ್ಪಿ ಪಕ್ಕದ ಸಂದಿಯಲ್ಲಿ ಹೋದರೆ ಅದು ಬಿಹೈಂಡ್. ಅದಕ್ಕೂ ಒಂದು ಪಾಯಿಂಟ್. ಗುರಿ ತಪ್ಪಿದವನನ್ನೂ ಬರಿಗೈಯಲ್ಲಿ ಕಳಿಸದ ಈ ಔದಾರ್ಯವೇ ಒಂದು ಪಾಯಿಂಟಿಗಾಗಿ ವಾದಿಸುವ ನಮ್ಮ ಪಂಡಿತನ ಸಕಲ ಸಂಕಟಗಳ ಮೂಲ.

ಲೀಗಿನ ಹದಿನೆಂಟು ಕ್ಲಬ್ಬುಗಳಲ್ಲೂ ಇಂಥ ಪಂಡಿತರಿದ್ದಾರೆ. ಆದರೆ ಕಾಲಿಂಗ್‌ವುಡ್‌ನಲ್ಲಿ ಇರುವಷ್ಟು ಹುಲುಸಾಗಿ ಬೇರೆಲ್ಲೂ ಇಲ್ಲ. ಅದಕ್ಕೆ ಅವರ ಸ್ವಭಾವ ಕಾರಣವಲ್ಲ, ಸ್ಕೋರ್ ಪಟ್ಟಿ ಕಾರಣ. 1964ರ ಗ್ರ್ಯಾಂಡ್ ಫೈನಲ್‌ನಲ್ಲಿ ಮೆಲ್ಬರ್ನ್ ತಂಡದ್ದು ಎಂಟು ಗೋಲು, ಕಾಲಿಂಗ್‌ವುಡ್‌ನದೂ ಎಂಟು. ಮೆಲ್ಬರ್ನ್ ಹದಿನಾರು ಸಲ ಗುರಿ ತಪ್ಪಿತ್ತು, ಕಾಲಿಂಗ್‌ವುಡ್ ಹನ್ನೆರಡೇ ಸಲ. ಕಾಲಿಂಗ್‌ವುಡ್ ನಾಲ್ಕು ಪಾಯಿಂಟಿನಿಂದ ಸೋತಿತು. 1966ರಲ್ಲಿ ಸೇಂಟ್ ಕಿಲ್ಡಾದ ಮೇಲೆ ಹತ್ತಕ್ಕೆ ಹತ್ತು ಗೋಲು ಸಮ. ಕೊನೆಯ ನಿಮಿಷದಲ್ಲಿ ಬ್ಯಾರಿ ಬ್ರೀನ್ ಎಂಬವನು ಒದ್ದ ಚೆಂಡು ಗೋಲಿಗೆ ಹೋಗದೆ ಕುಪ್ಪಳಿಸಿಕೊಂಡು ಪಕ್ಕದ ಸಂದಿಗೆ ಹೋಯಿತು. ಅಂತಿಮ ಲೆಕ್ಕ 74ಕ್ಕೆ 73. ಸೇಂಟ್ ಕಿಲ್ಡಾದವರ ಇಡೀ ಚರಿತ್ರೆಯಲ್ಲಿ ಇರುವುದು ಅದೊಂದೇ ಕಪ್, ಅದು ಬಂದದ್ದು ಗುರಿ ತಪ್ಪಿದ ಒದೆತದಿಂದ. 1979ರಲ್ಲಿ ಕಾರ್ಲ್‌ಟನ್ ಮೇಲೆ ಹನ್ನೊಂದಕ್ಕೆ ಹನ್ನೊಂದು ಗೋಲು. ಸೋಲು ಐದು ಪಾಯಿಂಟಿನಿಂದ. 2018ರಲ್ಲಿ ವೆಸ್ಟ್ ಕೋಸ್ಟ್ ಮೇಲೆ ಮತ್ತೆ ಹನ್ನೊಂದಕ್ಕೆ ಹನ್ನೊಂದು, ಮತ್ತೆ ಐದು. 2022ರಲ್ಲಿ ಗ್ರ್ಯಾಂಡ್ ಫೈನಲ್ಲಿಗೆ ಒಂದು ಮೆಟ್ಟಿಲು ಕೆಳಗೆ ಸಿಡ್ನಿಯ ಮೇಲೆ ಹದಿನಾಲ್ಕಕ್ಕೆ ಹದಿನಾಲ್ಕು. ಸೋಲು ಒಂದು ಪಾಯಿಂಟಿನಿಂದ.

ಎದುರಾಳಿ ನಿಮಗಿಂತ ಹೆಚ್ಚು ಸಲ ಗುರಿ ತಪ್ಪಿದ ಎಂಬ ಕಾರಣಕ್ಕೆ ನೀವು ಮೇಲಿಂದ ಮೇಲೆ ಸೋತರೆ ನೀವೂ ಪಂಡಿತರಾಗುತ್ತೀರಿ. 1964, 1966 ಮತ್ತು 1970, ಈ ಮೂರು ಗ್ರ್ಯಾಂಡ್ ಫೈನಲ್‌ಗಳನ್ನು ಸೋತ ಕಾಲಿಂಗ್‌ವುಡ್ ಕೋಚ್ ಬಾಬ್ ರೋಸ್ ಅವರ ಮೂರೂ ಸೋಲುಗಳ ಅಂತರ ಕೂಡಿಸಿದರೆ ಬರುವುದು ಹದಿನೈದು ಪಾಯಿಂಟ್. ಅಂದರೆ ಎರಡು ಗೋಲು, ಮೇಲೆ ಮೂರು ಬಿಹೈಂಡ್. ಈ ಕೂಡಿಕೆಯನ್ನು ನನಗೆ ಹೇಳಿಕೊಟ್ಟವನೂ ಒಬ್ಬ ಪಂಡಿತನೇ. ತನ್ನ ಮದುವೆಯ ತಾರೀಕನ್ನು ಹೆಂಡತಿಯನ್ನು ಕೇಳಿ ಹೇಳುವ ಮನುಷ್ಯ ಅವನು.

1979ರ ವಿಷಯ ತೆಗೆಯದಿರುವುದು ಕ್ಷೇಮ. ತೆಗೆದಾಗಿದೆ, ಹೇಳಿಬಿಡುತ್ತೇನೆ. ಕಾರ್ಲ್‌ಟನ್‌ನ ವೇಯ್ನ್ ಹಾರ್ಮ್ಸ್ ತಾನೇ ಒದ್ದ ಚೆಂಡಿನ ಹಿಂದೆ ತಾನೇ ಓಡಿ, ಮೈದಾನದ ಅಂಚಿನ ಗೆರೆಯ ಹತ್ತಿರ ಹಾರಿಬಿದ್ದು, ಮುಷ್ಟಿಯಿಂದ ಒಳಕ್ಕೆ ಬಡಿದ. ಅಲ್ಲಿ ನಿಂತಿದ್ದ ಕೆನ್ ಶೆಲ್ಡನ್ ಅದನ್ನು ಗೋಲಿಗೆ ಕಳಿಸಿದ. ಬಡಿದಾಗ ಚೆಂಡು ಗೆರೆಯ ಒಳಗಿತ್ತೋ ಹೊರಗಿತ್ತೋ? ಕಾಲಿಂಗ್‌ವುಡ್‌ನವರನ್ನು ಕೇಳಿದರೆ ಹೊರಗೆ. ಎಷ್ಟು ಹೊರಗೆ ಎಂಬುದು ಯಾವ ವರ್ಷ ಕೇಳಿದಿರಿ ಎನ್ನುವುದರ ಮೇಲೆ ಹೋಗುತ್ತದೆ. ಮೊದಮೊದಲು ಒಂದು ಗೇಣು ಇದ್ದದ್ದು ಆಮೇಲೆ ಒಂದು ಮಾರಾಯಿತು; ನಾನು ಕೇಳುವ ಹೊತ್ತಿಗೆ ಚೆಂಡು ಮೈದಾನದಾಚೆಯ ರಿಚ್ಮಂಡ್ ರೈಲು ನಿಲ್ದಾಣದ ಸಮೀಪ ಇತ್ತು. ಆ ದಿನ ಅತ್ಯುತ್ತಮ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಮೊದಲ ಬಾರಿಗೆ ಜಾರಿಗೆ ಬಂತು, ಅದು ಹಾರ್ಮ್ಸ್‌ನ ಕೊರಳಿಗೇ ಬಿತ್ತು. ನಾರ್ಮ್ ಸ್ಮಿತ್ ಹಾರ್ಮ್ಸ್‌ನ ಬಂಧು ಬೇರೆ. “ಎಲ್ಲಾ ಮನೆಯವರೊಳಗೇ ಹಂಚಿಕೊಂಡರು” ಎಂದು ಪಂಡಿತ ನಿಟ್ಟುಸಿರು ಬಿಡುತ್ತಾನೆ. 2018ರದಕ್ಕೂ ಇಂಥದೇ ಸಾಕ್ಷ್ಯವಿದೆ. ಆಟ ಮುಗಿಯಲು ಎರಡು ನಿಮಿಷವೂ ಇಲ್ಲದಾಗ ವೆಸ್ಟ್ ಕೋಸ್ಟಿನ ಡಾಮ್ ಶೀಡ್ ಗೆರೆಗೆ ಬೆನ್ನು ತಾಗಿಸಿ ನಿಂತು ಒದ್ದ ಗೋಲು ಅದ್ಭುತ ಎಂದು ಊರೆಲ್ಲ ಕೊಂಡಾಡುತ್ತದೆ. ಪಂಡಿತ ಆ ಒದೆತವನ್ನು ನೋಡುವುದೇ ಇಲ್ಲ. ಅದಕ್ಕೆ ಕೆಲವು ಕ್ಷಣ ಮೊದಲು ಅದೇ ತಂಡದ ವಿಲ್ಲಿ ರಿಯೋಲಿ ಕಾಲಿಂಗ್‌ವುಡ್‌ನ ಬ್ರೇಡನ್ ಮೇನಾರ್ಡ್‌ನನ್ನು ಅಡ್ಡಗಟ್ಟಿದ್ದನ್ನು ಮಾತ್ರ ನೋಡುತ್ತಾನೆ, ಮತ್ತೆ ಮತ್ತೆ ನೋಡುತ್ತಾನೆ.

ಅಡಿಲೇಡಿನವರ ಬಗ್ಗೆ ಅವನಿಗೆ ಒಳಗೊಳಗೇ ಹೊಟ್ಟೆಕಿಚ್ಚು. 2023ರ ಆಗಸ್ಟಿನಲ್ಲಿ ಸಿಡ್ನಿಯ ಎದುರು ಬೆನ್ ಕೀಸ್ ಒದ್ದ ಗೋಲನ್ನು ಗೋಲ್ ಅಂಪೈರ್ ಕಂಬಕ್ಕೆ ತಾಗಿತೆಂದು ಬಿಹೈಂಡ್ ಮಾಡಿಬಿಟ್ಟ. ಅಡಿಲೇಡ್ ಒಂದು ಪಾಯಿಂಟಿನಿಂದ ಸೋತಿತು. ಮರುದಿನ ಲೀಗಿನ ಮುಖ್ಯಸ್ಥರೇ ಬಂದು ತಪ್ಪಾಯಿತು ಎಂದರು. ಪಾಯಿಂಟು ವಾಪಸ್ ಬರಲಿಲ್ಲ, ತಪ್ಪೊಪ್ಪಿಗೆಯಾದರೂ ಬಂತಲ್ಲ! “ನಮಗೆ 1979ಕ್ಕೆ ಇನ್ನೂ ಯಾರೂ ಹೇಳಿಲ್ಲ” ಎನ್ನುತ್ತಾನೆ ಪಂಡಿತ, ಕಾಗದ ಅಂಚೆಯಲ್ಲಿ ತಡವಾಗಿದೆಯೇನೋ ಎನ್ನುವ ಧಾಟಿಯಲ್ಲಿ.

ಇಷ್ಟೆಲ್ಲ ನೆನಪಿರುವ ಮನುಷ್ಯನಿಗೆ 1980 ನೆನಪಿಲ್ಲ. ಆ ವರ್ಷದ ಗ್ರ್ಯಾಂಡ್ ಫೈನಲ್‌ನಲ್ಲಿ ರಿಚ್ಮಂಡ್ ತಂಡ ಅವರನ್ನು 81 ಪಾಯಿಂಟಿನಿಂದ ಬಡಿದಿತ್ತು. ಕಾಲಿಂಗ್‌ವುಡ್ ಗಳಿಸಿದ್ದು ಒಂಬತ್ತು ಗೋಲು, ಇಪ್ಪತ್ತನಾಲ್ಕು ಬಿಹೈಂಡ್. ಕೇಳಿದರೆ, “ಆ ವರ್ಷ ನಮಗೆ ಫೈನಲ್ ಇರಲಿಲ್ಲ ಅಂತ ಕಾಣುತ್ತೆ” ಎಂದು ಮಾತು ತಿರುಗಿಸುತ್ತಾನೆ.

ಅಂಪೈರ್‌ಗಳು ಬರೀ ಭಾನುವಾರದ ಊಟ. ವಾರವಿಡೀ ಬಾಳುವ ಬುತ್ತಿ ಎಂದರೆ ತಂಡದ ಆಯ್ಕೆ. ಪಂಡಿತನ ಸಿದ್ಧಾಂತ ಸರಳ: ಆಡಿದವರಲ್ಲಿ ಒಬ್ಬರೂ ಸರಿಯಿಲ್ಲ, ಆಡದವನೇ ಶ್ರೇಷ್ಠ. ಆಡದವನು ಚೆಂಡು ಬಿಟ್ಟದ್ದನ್ನು ಯಾರಾದರೂ ಕಂಡಿದ್ದಾರೆಯೇ? ಆಟ ಮುಗಿದ ಮೇಲೆ ಎಂ.ಸಿ.ಜಿ.ಯಿಂದ ಹೊರಟ ರೈಲಿನಲ್ಲಿ, ಕಾಲಿಂಗ್‌ವುಡ್‌ನ ಕಪ್ಪು ಬಿಳಿ ಮಫ್ಲರ್ ಸುತ್ತಿಕೊಂಡು ಎದುರುಬದುರು ನಿಂತ ಇಬ್ಬರ ಮಾತು ಸುಮಾರಾಗಿ ಹೀಗಿರುತ್ತದೆ:

“ಆ ಹುಡುಗನನ್ನು ಹಾಕಿದ್ದರೆ ಗೆಲ್ಲುತ್ತಿದ್ದೆವು ಮಾರಾಯ.”

“ಹೋದ ವಾರ ಹಾಕಿದ್ದರಲ್ಲ?”

“ಹೋದ ವಾರ ಹಾಕಬಾರದಿತ್ತು. ಈ ವಾರ ಹಾಕಬೇಕಿತ್ತು.”

“ಹೋದ ವಾರ ಅವನು ಚೆಂಡನ್ನೇ ಮುಟ್ಟಲಿಲ್ಲ.”

“ಅದನ್ನೇ ನಾನು ಹೇಳುತ್ತಿರುವುದು! ಕೆಟ್ಟ ಆಟವೆಲ್ಲ ಹೋದ ವಾರವೇ ಆಡಿ ಮುಗಿಸಿದ್ದ. ಈ ವಾರಕ್ಕೆ ಬಾಕಿ ಇದ್ದದ್ದು ಒಳ್ಳೆಯದೊಂದೇ.”

“ಸರಿ, ಅವನ ಜಾಗಕ್ಕೆ ಯಾರನ್ನು ತೆಗೆಯುತ್ತಿದ್ದೆ?”

ಈ ಕೊನೆಯ ಪ್ರಶ್ನೆ ಪಂಡಿತನಿಗೆ ಹಿಡಿಸುವುದಿಲ್ಲ. ಅವನು ಸೇರಿಸುತ್ತಾ ಹೋಗುವವನು, ತೆಗೆಯುವವನಲ್ಲ. ರೈಲು ಮೂರು ನಿಲ್ದಾಣ ದಾಟುವುದರೊಳಗೆ ಅವನ ತಂಡದಲ್ಲಿ ಇಪ್ಪತ್ತೇಳು ಜನ ಆಗಿರುತ್ತಾರೆ. ಎಲ್ಲರೂ ಮೈದಾನದ ನಡುವೆ ಆಡುವವರು. ಹಿಂದೆ ನಿಂತು ಕಾಯುವವನು ಒಬ್ಬನೂ ಇಲ್ಲ.

ಗುರುವಾರ ಸಂಜೆ ಕ್ಲಬ್ಬುಗಳು ತಂಡ ಪ್ರಕಟಿಸುತ್ತವೆ. ಹೊರಗುಳಿದವರ ಹೆಸರಿನ ಮುಂದೆ ಕಾರಣವೂ ಇರುತ್ತದೆ: ಒಬ್ಬನಿಗೆ ಮೀನಖಂಡದ ನೋವು, ಒಬ್ಬನನ್ನು ಕೈಬಿಟ್ಟಿದ್ದಾರೆ, ಇನ್ನೊಬ್ಬ ‘ಮ್ಯಾನೇಜ್ಡ್’. ಈ ಮೂರನೆಯದು ಕಂಡರೆ ಪಂಡಿತನ ರಕ್ತದೊತ್ತಡ ಏರುತ್ತದೆ. ಗಾಯವಿಲ್ಲ, ತಪ್ಪೂ ಮಾಡಿಲ್ಲ, ಮೈ ದಣಿದಿದೆ ಎಂದು ಒಂದು ವಾರ ವಿಶ್ರಾಂತಿ ಕೊಡುವುದಕ್ಕೆ ಹಾಗೆನ್ನುತ್ತಾರೆ. ನಾನು ಬಲ್ಲ ಪಂಡಿತರಲ್ಲಿ ಒಬ್ಬ ನಲ್ಲಿ ರಿಪೇರಿ ಮಾಡುವವನು. “ಮೂವತ್ತು ವರ್ಷದಿಂದ ಜನರ ಬಚ್ಚಲಲ್ಲಿ ಮಂಡಿಯೂರಿದ್ದೇನೆ, ನನ್ನನ್ನು ಒಂದು ವಾರ ಯಾರೂ ಮ್ಯಾನೇಜ್ ಮಾಡಲಿಲ್ಲ” ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಎರಡನೇ ತಂಡದ ಪಂದ್ಯಕ್ಕೂ ಅವನು ತಪ್ಪದೆ ಹೋಗುತ್ತಾನೆ. ಅಲ್ಲಿ ಯಾವನೋ ಹೊಸಬ ನಾಲ್ಕು ಗೋಲು ಹೊಡೆದರೆ ಮುಗಿಯಿತು; ಸೋಮವಾರದ ಹೊತ್ತಿಗೆ ಆ ಹುಡುಗ ಕ್ಲಬ್ಬಿನ ಅನ್ಯಾಯಕ್ಕೆ ತುತ್ತಾದ ಮಹಾಪುರುಷ.

ದೊಡ್ಡ ಸೋಲಿನ ಬಗ್ಗೆ ಅವನು ಮಾತಾಡುವುದಿಲ್ಲ ಎಂದೆನಲ್ಲ, ಅದಕ್ಕೊಂದು ಅಪವಾದವಿದೆ. 2003ರಲ್ಲಿ ಕಾಲಿಂಗ್‌ವುಡ್‌ನ ಆಂಥನಿ ರಾಕ್ಕಾ ಎದುರಾಳಿಯೊಬ್ಬನಿಗೆ ಹೊಡೆದು ನಿಷೇಧಕ್ಕೊಳಗಾಗಿ ಗ್ರ್ಯಾಂಡ್ ಫೈನಲ್ ತಪ್ಪಿಸಿಕೊಂಡ. ಕಾಲಿಂಗ್‌ವುಡ್ ಬ್ರಿಸ್ಬೇನ್‌ಗೆ ಐವತ್ತು ಪಾಯಿಂಟಿನಿಂದ ಸೋತಿತು. ಐವತ್ತು ಎಂದರೆ ಎಂಟು ಗೋಲು, ಎರಡು ಬಿಹೈಂಡ್. ರಾಕ್ಕಾ ಇದ್ದಿದ್ದರೆ ಒಬ್ಬನೇ ಒಂಬತ್ತು ಹೊಡೆಯುತ್ತಿದ್ದ ಎನ್ನುವುದರಲ್ಲಿ ಪಂಡಿತನಿಗೆ ಎಳ್ಳಷ್ಟೂ ಅನುಮಾನವಿಲ್ಲ.

ಪಂಡಿತ ಎಂದು ಬರೆಯುತ್ತಾ ಬಂದೆ, ಪಂಡಿತೆಯರೂ ಕಡಿಮೆಯೇನಿಲ್ಲ. ಈ ಆಟದ ಗ್ಯಾಲರಿಗಳಲ್ಲಿ ಹೆಂಗಸರು ಮೊದಲಿನಿಂದಲೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಮಡಿಲಲ್ಲಿ ಹೆಣಿಗೆ, ಕಾಲಬಳಿ ಫ್ಲಾಸ್ಕು, ಮುಖದಲ್ಲಿ ಸಾಕ್ಷಾತ್ ಶಾಂತಿ ಇಟ್ಟುಕೊಂಡ ಅಜ್ಜಿಯೊಬ್ಬರು, ಎದುರಾಳಿ ಚೆಂಡು ಹಿಡಿದು ಸಿಕ್ಕಿಬಿದ್ದ ಕ್ಷಣ “ಬಾಲ್!” ಎಂದು ಗುಡುಗಿದಾಗ ನನ್ನ ಕೈಯಲ್ಲಿದ್ದ ಪೈ ಟೊಮೆಟೊ ಸಾಸಿನ ಸಮೇತ ಮುಂದಿನವರ ಕೊರಳಪಟ್ಟಿಗೆ ಬಿತ್ತು. ಮುಂದಿನವರು ತಿರುಗಿ ನೋಡಲಿಲ್ಲ, ಅವರೂ “ಬಾಲ್!” ಎನ್ನುತ್ತಿದ್ದರು.

ಗೆದ್ದಾಗ ಇವರೆಲ್ಲ ಏನು ಮಾಡುತ್ತಾರೆ ಎಂದು ಕೇಳಬಹುದು. ಏನೂ ತೋಚದೆ ಒದ್ದಾಡುತ್ತಾರೆ. 2010ರ ಗ್ರ್ಯಾಂಡ್ ಫೈನಲ್ 68ಕ್ಕೆ 68 ಸಮವಾಗಿ ನಿಂತಾಗ ಪಂಡಿತನಿಗೆ ಒಂದು ವಾರ ಹಬ್ಬ. ಸೋತೂ ಇಲ್ಲ, ಗೆದ್ದೂ ಇಲ್ಲ, ವಾದಕ್ಕೆ ಎರಡೂ ಕಡೆ ಬಾಗಿಲು ತೆರೆದಿದೆ. ಮುಂದಿನ ಶನಿವಾರ ಮತ್ತೆ ಆಡಿ 56 ಪಾಯಿಂಟಿನಿಂದ ಗೆದ್ದುಬಿಟ್ಟರು. ಅವನು ಕುಣಿದ, ಅತ್ತ, ಸೋಮವಾರ ಆಫೀಸಿಗೆ ಬಂದು ಬೆಪ್ಪಾಗಿ ಕೂತ. 2023 ಇನ್ನೂ ಕಷ್ಟದ್ದು. ಗಾಯಗೊಂಡವನ ಜಾಗಕ್ಕೆ ಬಿಲ್ಲಿ ಫ್ರಾಂಪ್ಟನ್‌ನನ್ನು ಗ್ರ್ಯಾಂಡ್ ಫೈನಲ್ಲಿಗೆ ಹಾಕಿದಾಗ ನಮ್ಮ ನಲ್ಲಿಯವನು ಗುರುವಾರ ರಾತ್ರಿಯೇ ತಂಡಕ್ಕೆ ಶ್ರದ್ಧಾಂಜಲಿ ಅರ್ಪಿಸಿದ್ದ. ಫ್ರಾಂಪ್ಟನ್‌ಗೆ ಒಪ್ಪಿಸಿದ್ದು ಗೋಲು ಹೊಡೆಯುವ ಕೆಲಸವಲ್ಲ, ಬ್ರಿಸ್ಬೇನಿನ ಹ್ಯಾರಿಸ್ ಆಂಡ್ರೂಸ್‌ನನ್ನು ಅಂಟಿಕೊಂಡು ಕಾಡುವುದು. ಕಾಲಿಂಗ್‌ವುಡ್ ನಾಲ್ಕು ಪಾಯಿಂಟಿನಿಂದ ಗೆದ್ದಿತು. “ಫ್ರಾಂಪ್ಟನ್ ಬೇಕೇ ಬೇಕು ಅಂತ ನಾನು ಮೊದಲಿಂದ ಹೇಳುತ್ತಿದ್ದೆ” ಎಂದ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಆ ಪಂದ್ಯದ ಲೆಕ್ಕವನ್ನೂ ಹೇಳಬೇಕು. ಬ್ರಿಸ್ಬೇನ್ ಹದಿಮೂರು ಗೋಲು, ಕಾಲಿಂಗ್‌ವುಡ್ ಹನ್ನೆರಡು. ಆದರೆ ಬ್ರಿಸ್ಬೇನಿನ ಬಿಹೈಂಡ್ ಎಂಟು, ಇವರದು ಹದಿನೆಂಟು. ಅರವತ್ತು ವರ್ಷದ ಬಡ್ಡಿ ಸಮೇತ ಗುರಿ ತಪ್ಪಿಯೇ ಕಪ್ ಎತ್ತಿದರು. ಇದನ್ನು ನಾನು ಮೆಲ್ಲಗೆ ಎತ್ತಿ ತೋರಿಸಿದೆ. ಪಂಡಿತ ನನ್ನನ್ನು ಕನಿಕರದಿಂದ ನೋಡಿ, “2018ರಲ್ಲಿ ವೆಸ್ಟ್ ಕೋಸ್ಟಿನವರದು ಅದೃಷ್ಟ. ಇದು ಒತ್ತಡ ಹೇರಿ ಆಡುವ ಕಲೆ” ಎಂದ.

ಬೆಂಗಳೂರಿನಿಂದ ಹೋದ ನಮ್ಮವರಿಗೆ ಮೆಲ್ಬರ್ನಿನ ಆಫೀಸಿನಲ್ಲಿ ಮೊದಲ ವಾರವೇ ಎದುರಾಗುವ ಪ್ರಶ್ನೆ: “ನಿನ್ನ ಟೀಮ್ ಯಾವುದು?” ಮದುವೆ ಮನೆಯಲ್ಲಿ ಹಿರಿಯರು ಗೋತ್ರ ಕೇಳಿದ ಹಾಗೆ, ಇಲ್ಲ ಎನ್ನುವಂತಿಲ್ಲ. ಪಕ್ಕದ ಕುರ್ಚಿಯವನ ಟೀಮನ್ನೇ ನಮ್ಮದೂ ಎಂದು ಹೇಳಿ ಬಚಾವಾದವರು ಬಹಳ. ಮೊದಲ ವರ್ಷ ಸುಮ್ಮನೆ ತಲೆಯಾಡಿಸುತ್ತಾರೆ, ಎರಡನೇ ವರ್ಷ ಮಫ್ಲರ್ ಕೊಳ್ಳುತ್ತಾರೆ, ಮೂರನೇ ವರ್ಷ ರಾತ್ರಿ ಹತ್ತಕ್ಕೆ ರೇಡಿಯೋದವರಿಗೆ ಫೋನ್ ಮಾಡಿ ಕೋಚ್‌ಗೆ ಬುದ್ಧಿ ಹೇಳಲು ಸಾಲಿನಲ್ಲಿ ಕಾಯುತ್ತಾರೆ. ಹದಿನೆಂಟು ವರ್ಷ ಆರ್‌ಸಿಬಿಗಾಗಿ ಕಾದು ಪಳಗಿದವರಿಗೆ ಇದಕ್ಕೆ ಬೇರೆ ತರಬೇತಿ ಬೇಕಾಗುವುದಿಲ್ಲ.

ಹಾಗಾಗಿ ಅಲ್ಲಿಗೆ ಹೊರಟವರಿಗೆ ಒಂದು ಕಿವಿಮಾತು. ಸೋಮವಾರ ಯಾರ ಹತ್ತಿರವಾದರೂ ಕೆಲಸವಿದ್ದರೆ ಅವರ ತಂಡ ಎಷ್ಟರಲ್ಲಿ ಸೋತಿದೆ ಎಂದು ಮೊದಲು ವಿಚಾರಿಸಿಕೊಳ್ಳಿ. ನಲವತ್ತಕ್ಕಿಂತ ಹೆಚ್ಚಿದ್ದರೆ ನಿಶ್ಚಿಂತೆಯಿಂದ ಹೋಗಿ, ಒಂದು ಕಾಫಿ ಕೊಡಿಸಿ. ಆರಕ್ಕಿಂತ ಕಡಿಮೆಯಿದ್ದರೆ ಆ ಕೆಲಸವನ್ನು ಬೇರೆಯವರಿಂದ ಮಾಡಿಸಿಕೊಳ್ಳಿ, ಇಲ್ಲವೇ ಬುಧವಾರದ ತನಕ ತಡೆಯಿರಿ. ಶುಕ್ರವಾರಕ್ಕೆ ಮಾತ್ರ ಮುಂದೂಡಬೇಡಿ. ಅಷ್ಟರಲ್ಲಿ ಹೊಸ ತಂಡದ ಪಟ್ಟಿ ಬಂದಿರುತ್ತದೆ.